ಇಂಗ್ಲಿಷ್ ಮೇಷ್ಟ್ರ ಕಲಿಕೆ: ವಸತಿ ತರಬೇತಿಯೋ, ಆನ್‌ಲೈನ್ ಕೋರ್ಸೋ, ಜೇಬಿನ ಫೋನೋ?

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರಿಗೆ ತಾವೂ ಕಲಿಯಲು ದಾರಿಗಳಿಗೇನೂ ಕೊರತೆಯಿಲ್ಲ. ಬೆಂಗಳೂರಿನ ಜ್ಞಾನಭಾರತಿ ಆವರಣದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ 30 ದಿನಗಳ ವಸತಿ ತರಬೇತಿ ಇದೆ, ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಶಿಕ್ಷಕರಿಗಾಗಿ ಕೋರ್ಸುಗಳಿವೆ, ಪಕ್ಕದ ತರಗತಿಯಲ್ಲಿ ಸಹೋದ್ಯೋಗಿ ಇದ್ದಾರೆ, ಜೇಬಿನಲ್ಲಿ ಫೋನಿದೆ. ನಾಲ್ಕನ್ನೂ ಬಳಸಿ ನೋಡಿದ ಮೇಲೆ ಅಳೆಯಬೇಕಾದದ್ದು ಎರಡೇ ಅನ್ನಿಸುತ್ತದೆ: ಮುಂದಿನ ವಾರದ ಪಾಠದಲ್ಲಿ ಏನು ಬದಲಾಯಿತು, ಅದಕ್ಕೆ ಎಷ್ಟು ಸಂಜೆಗಳು ಹೋದವು. ಪ್ರಮಾಣಪತ್ರದ ಲೆಕ್ಕ ಬೇರೆ.

ವಸತಿ ತರಬೇತಿಯ ಬಲ ಮಾತಿನಲ್ಲಿದೆ. ಊಟದ ಸಾಲಿನಲ್ಲೂ ಇಂಗ್ಲಿಷೇ ಆಡುತ್ತ ಒಂದು ತಿಂಗಳು ಕಳೆದರೆ, ಓದಿ ಬರೆದಷ್ಟೇ ಗೊತ್ತಿದ್ದ ಭಾಷೆ ನಾಲಿಗೆಗೆ ಒಗ್ಗುತ್ತದೆ. ಉಚ್ಚಾರಣೆ ತಿದ್ದುವವರು ಎದುರಿಗೇ ಇರುತ್ತಾರೆ. ಉಳಿದ ಮೂರೂ ಇದನ್ನು ಕೊಡಲಾರವು. ತೊಂದರೆ ಇರುವುದು ವಾಪಸ್ ಬಂದ ಮೇಲೆ. ಒಂದು ತಿಂಗಳ ಪಾಠ ಬಾಕಿ ಬಿದ್ದಿರುತ್ತದೆ, ಪೋರ್ಷನ್ ಮುಗಿಸುವ ಧಾವಂತದಲ್ಲಿ ತರಬೇತಿಯ ಫೈಲು ಬೀರು ಸೇರುತ್ತದೆ. ಆದ್ದರಿಂದ ಅಲ್ಲಿಂದ ಹೊರಡುವ ಮುನ್ನವೇ ಎರಡೇ ಎರಡು ಚಟುವಟಿಕೆ ಆರಿಸಿ, ಯಾವ ಪಾಠಕ್ಕೆ ಎಂದು ಪಾಠಯೋಜನೆಯಲ್ಲಿ ಬರೆದಿಟ್ಟುಕೊಳ್ಳಿ. ಮೂರನೆಯದು ಬೇಡ. ಮನೆಯಲ್ಲಿ ಪುಟ್ಟ ಮಕ್ಕಳೋ ವಯಸ್ಸಾದವರೋ ಇದ್ದರೆ ಒಂದಿಡೀ ತಿಂಗಳು ಬಿಟ್ಟಿರುವುದು, ಅದರಲ್ಲೂ ಶಿಕ್ಷಕಿಯರಿಗೆ, ಸಣ್ಣ ಮಾತಲ್ಲ. ಡೆಪ್ಯುಟೇಷನ್ ಆದೇಶ ಬರೆಯುವವರು ಇದನ್ನು ಮೊದಲು ಕೇಳಬೇಕು.

ಇಂಗ್ಲಿಷ್ ಬೋಧನೆಗೆ ಕೇಂಬ್ರಿಜ್ ಕೊಡುವ ಪ್ರಮಾಣಪತ್ರ ಸೆಲ್ಟಾ ಬಗ್ಗೆಯೂ ಹಲವರು ಕೇಳುತ್ತಾರೆ. 120 ಗಂಟೆಗಳ ಕೋರ್ಸು, ಅದರಲ್ಲಿ 6 ಗಂಟೆ ನಿಜವಾದ ಬೋಧನೆ. ಗಟ್ಟಿಯಾದ ಕೋರ್ಸು ಹೌದು, ಆದರೆ ಅದು ವಯಸ್ಕರಿಗೆ ಕಲಿಸುವವರಿಗಾಗಿ ಕಟ್ಟಿದ್ದು. ವಿದೇಶಕ್ಕೋ ಭಾಷಾ ಸಂಸ್ಥೆಗೋ ಹೋಗುವವರಿಗೆ ಸರಿ. ಎಂಟನೇ ತರಗತಿಯ 50 ಮಕ್ಕಳಿಗಾಗಿ ಅಷ್ಟು ಹಣ ಸುರಿಯಬೇಕಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಂದ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ನಿರೀಕ್ಷಿಸುತ್ತದೆ. ಗಂಟೆ ತುಂಬಿಸಲು ಆನ್‌ಲೈನ್ ಕೋರ್ಸಿನಷ್ಟು ಸುಲಭದ್ದು ಇನ್ನೊಂದಿಲ್ಲ, ಅದರ ದೋಷವೂ ಅದೇ. ರಾತ್ರಿ ಹತ್ತಕ್ಕೆ ಒಬ್ಬರೇ ಕೂತು ನೋಡಿದ್ದು ಬೆಳಿಗ್ಗೆಗೆ ಉಳಿಯುವುದಿಲ್ಲ. ಬಿಡುವಿನ ಪಿರಿಯಡ್‌ನಲ್ಲಿ ಸ್ಟಾಫ್‌ರೂಮಿನಲ್ಲಿ ಇಬ್ಬರು ಜೊತೆಗೆ ನೋಡಿ, ‘ಇದರಲ್ಲಿ ನಾಳೆ ಯಾವುದು ಮಾಡ್ತೀರಿ ಮೇಡಂ?’ ಎಂದು ಕೇಳಿಕೊಂಡರೆ ಸ್ವಲ್ಪವಾದರೂ ಕೈಗೆ ಹತ್ತುತ್ತದೆ.

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಬದಲಾವಣೆ ತಂದದ್ದು ಸ್ವಂತ ಪಾಠದ ರೆಕಾರ್ಡಿಂಗ್. ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳಿಗೂ ಹೇಳಿ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಅಂಗಿಯ ಜೇಬಿಗೆ ಹಾಕಬೇಡಿ, ಬಟ್ಟೆಯ ಸರಪರ ಸದ್ದೇ ತುಂಬಿಕೊಳ್ಳುತ್ತದೆ. ಫ್ಯಾನಿನಿಂದ ದೂರ, ಎರಡನೇ ಸಾಲಿನ ಬೆಂಚಿನ ಮೇಲಿಡಿ. ಧ್ವನಿ ಸಾಕು, ವಿಡಿಯೊ ಬೇಡ. 40 ನಿಮಿಷವನ್ನೂ ಕೇಳಲು ಕೂತರೆ ಎರಡನೇ ವಾರಕ್ಕೇ ಕೈಬಿಡುತ್ತೀರಿ. 10ನೇ ನಿಮಿಷದಿಂದ 20ನೇ ನಿಮಿಷದವರೆಗೆ ಮಾತ್ರ ಕೇಳಿ, ಹಾಳೆಯಲ್ಲಿ ಗೆರೆ ಎಳೆಯುತ್ತ ಮೂರು ಎಣಿಸಿ: ನೀವು ಕೇಳಿದ ಪ್ರಶ್ನೆಗಳು, ಅವುಗಳಲ್ಲಿ ನೀವೇ ಉತ್ತರ ಹೇಳಿಬಿಟ್ಟವು, ಮಕ್ಕಳು ಒಟ್ಟಾಗಿ ‘ಯೆಸ್ ಸಾರ್’ ಎಂದು ಕೂಗಿದವು. ಪ್ರಶ್ನೆಯಾದ ಮೇಲೆ ಒಂದು ಸೆಕೆಂಡೂ ಕಾಯದೆ ಮುಂದೆ ಹೋಗುವುದು ನಮ್ಮೆಲ್ಲರ ಅಭ್ಯಾಸ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವ ಮಗುವಿಗೆ ಮೂರು ಸೆಕೆಂಡಾದರೂ ಬೇಕು. ಮುಂದಿನ ವಾರ ಅದೊಂದನ್ನೇ ಬದಲಿಸಿ, ಮತ್ತೆ ರೆಕಾರ್ಡ್ ಮಾಡಿ, ಎಣಿಸಿದ ಮೇಲೆ ಅಳಿಸಿಹಾಕಿ. ಮೊದಲ ಸಲ ಸ್ವಂತ ದನಿ ಕೇಳಲು ಮುಜುಗರವಾಗುತ್ತದೆ, ಮೂರನೇ ಸಲಕ್ಕೆ ಹೋಗುತ್ತದೆ. ಇನ್ನೊಂದು ಲಾಭವಿದೆ: ನೀವು ಮಾತಾಡುವ ನಿಮಿಷಗಳು ಇಳಿದಂತೆ ಕೊನೆಯ ಪಿರಿಯಡ್‌ನ ಗಂಟಲು ನೋವೂ ಇಳಿಯುತ್ತದೆ.

ರೆಕಾರ್ಡಿಂಗ್‌ಗೆ ಕಾಣದ್ದು ಹಿಂದಿನ ಬೆಂಚು. ಅದಕ್ಕೆ ಸಹೋದ್ಯೋಗಿಯ ಕಣ್ಣೇ ಬೇಕು. ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷಿಗೆ ಒಬ್ಬರೇ ಇರುತ್ತಾರೆ, ಕನ್ನಡ ಮೇಷ್ಟ್ರೋ ಸಮಾಜದ ಮೇಡಮ್ಮೋ ಬಂದು ಕೂತರೂ ನಡೆಯುತ್ತದೆ. ‘ಪಾಠ ಹೇಗಿತ್ತು ನೋಡಿ’ ಎಂದು ಕರೆಯಬೇಡಿ, ಬಂದವರು ಇನ್‌ಸ್ಪೆಕ್ಟರ್ ಆಗಿಬಿಡುತ್ತಾರೆ. ಮಕ್ಕಳು ಕೂತಿರುವ ನಕ್ಷೆ ಕೈಗೆ ಕೊಟ್ಟು, ನೀವು ಮಾತಾಡಿಸಿದ ಮಗುವಿನ ಚೌಕದಲ್ಲಿ ಒಂದೊಂದು ಚುಕ್ಕಿ ಇಡಲು ಹೇಳಿ. 20 ನಿಮಿಷ ಸಾಕು. ಎಡಬದಿಯ ಮುಂದಿನ ಎರಡು ಬೆಂಚುಗಳಲ್ಲೇ ಚುಕ್ಕಿಗಳು ಗುಂಪುಗೂಡಿದ್ದರೆ ಯಾರೂ ಟೀಕೆ ಮಾಡಬೇಕಾಗಿಲ್ಲ. ಅದೇ ದಿನ ಮಾತಾಡಿ, ಪಾಠ ಮಾಡಿದವರೇ ಮೊದಲು ಮಾತಾಡಲಿ. ಇದರ ಕಷ್ಟ ಪಿರಿಯಡ್ ಹೊಂದಿಸುವುದು. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸಾಧ್ಯವಾಗುವುದಿಲ್ಲ.

ಈ ಯಾವುದಕ್ಕೂ ಸಮಯ ಸಿಗದಿದ್ದರೆ ಕಾರಣ ಬಹುಮಟ್ಟಿಗೆ ನೋಟ್‌ಬುಕ್ ರಾಶಿ. 45 ಪುಸ್ತಕ, ತಲಾ 4 ನಿಮಿಷ ಎಂದರೆ 3 ಗಂಟೆ. ವಾರಕ್ಕೆ ಒಂದೇ ಬಗೆಯ ತಪ್ಪು ತಿದ್ದಿದರೆ ತಲಾ ಒಂದೂವರೆ ನಿಮಿಷ, ಒಟ್ಟು ಒಂದು ಗಂಟೆಗೆ ತುಸು ಹೆಚ್ಚು. ಉಳಿದ ತಪ್ಪು ಹಾಗೇ ಬಿಟ್ಟಿದ್ದೇಕೆ ಎಂದು ಪೋಷಕರೋ ಅಧಿಕಾರಿಗಳೋ ಕೇಳದಂತೆ, ಪುಟದ ತುದಿಯಲ್ಲಿ ಮಕ್ಕಳಿಂದಲೇ ‘ಈ ವಾರ: ಭೂತಕಾಲದ ಕ್ರಿಯಾಪದ’ ಎಂದು ಬರೆಸಿಡಿ.