ವಿಲೆಮ್‌ಸ್ಟಾಡ್‌ನ ಮರಳು ನೆಲದ ಸಿನಗಾಗ್ ನೋಡ್ಲೇಬೇಕು

ಕೆರಿಬಿಯನ್ ದ್ವೀಪ ಕ್ಯುರಸಾವ್‌ಗೆ ಹೋದ್ರೆ ಬೀಚ್ ಒಂದೇ ನೋಡ್ಕೊಂಡು ವಾಪಸ್ ಬರ್ಬೇಡಿ, ರಾಜಧಾನಿ ವಿಲೆಮ್‌ಸ್ಟಾಡ್‌ನಲ್ಲಿರೋ ಮಿಕ್ವೆ ಇಸ್ರೇಲ್-ಇಮ್ಯಾನ್ಯುಯೆಲ್ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಹೋಗಿ. 1732ರ ಕಟ್ಟಡ, ಇವತ್ತಿಗೂ ಪ್ರಾರ್ಥನೆ ನಡೀತಿದೆ. ನೆಲದ ತುಂಬಾ ಮರಳು, ನಡೆದ್ರೆ ಸದ್ದೇ ಬರಲ್ಲ, ಹಿಂದೆ ಸ್ಪೇನ್ ಪೋರ್ಚುಗಲ್‌ನಲ್ಲಿ ಯಹೂದಿಗಳು ಕದ್ದುಮುಚ್ಚಿ ಪ್ರಾರ್ಥನೆ ಮಾಡುವಾಗ ಹೆಜ್ಜೆ ಸಪ್ಪಳ ಕೇಳಿಸ್ಬಾರದು ಅಂತ ಮರಳು ಹಾಕ್ತಿದ್ರಂತೆ ಅದರ ನೆನಪಿಗೆ ಅಂತಾರೆ, ಈಜಿಪ್ಟ್ ಬಿಟ್ಟು ಬಂದ ಯಹೂದಿಗಳ ಪೂರ್ವಜರು ಮರುಭೂಮಿಯಲ್ಲಿ 40 ವರ್ಷ ಅಲೆದ ನೆನಪು ಅಂತಾನೂ ಹೇಳ್ತಾರೆ. ಹಿತ್ತಾಳೆ ದೀಪಗುಚ್ಛ, ಮಹೋಗನಿ ಮರದ ಕೆಲಸ ಎಲ್ಲಾ ಸೂಪರ್.

ಅಂಗಳದ ಮ್ಯೂಸಿಯಂ ಚಿಕ್ಕದು, ಆದ್ರೂ ಬಿಡಬೇಡಿ. ಹಳೇ ಸ್ಮಶಾನದ ಗೋರಿಕಲ್ಲುಗಳ ಪ್ರತಿಗಳು ಇಲ್ಲಿವೆ, ಮೂಲ ಕಲ್ಲುಗಳ ಕೆತ್ತನೆ ಎಣ್ಣೆ ರಿಫೈನರಿ ಹೊಗೆಗೆ ಸವೆದು ಹೋಗಿದೆ, ನೋಡಿದ್ರೆ ನಿಜಕ್ಕೂ ಸಂಕಟ ಆಗುತ್ತೆ. 1651ರಲ್ಲಿ ಶುರುವಾದ ಇಲ್ಲಿನ ಯಹೂದಿ ಸಮುದಾಯ, ಎಷ್ಟೋ ಮನೆಯವರು ವಲಸೆ ಹೋಗಿ ಈಗ ಉಳಿದಿರೋದು ಸ್ವಲ್ಪ ಜನ. ಟಿಕೆಟ್ ದುಡ್ಡಿಗೆ ಮೋಸ ಇಲ್ಲ, ಅವಸರ ಮಾತ್ರ ಮಾಡ್ಬೇಡಿ.