ಸೆಕ್ರೆಟರಿ ಬಾಯಲ್ಲಿ ಹೇಳಿದ್ದನ್ನು ನಂಬಿ ಗೋಡೆ ಒಡೆಯಬೇಡಿ

ಮುಂಬಯಿಯಲ್ಲಿ ಫ್ಲ್ಯಾಟ್ ರಿಪೇರಿಗೆ ಕೈ ಹಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲೋ ಬೇಡವೋ ಎಂದು ತುಂಬ ದಿನ ಯೋಚಿಸಿದೆ, ನಾಚಿಕೆಯಾಗುತ್ತದೆ. 22 ವರ್ಷದಿಂದ ಈ ಊರಲ್ಲಿದ್ದೇನೆ, ಸೊಸೈಟಿ (ಕಟ್ಟಡದ ಫ್ಲ್ಯಾಟ್ ಮಾಲಿಕರ ಸಂಘ) ವ್ಯವಹಾರ ಗೊತ್ತಿಲ್ಲದವಳಲ್ಲ. ಆದರೂ ಮೋಸಹೋದೆ. ಅದೂ ನಮ್ಮ ಭಾಷೆಯವರ ಕೈಯಲ್ಲಿ.

ನಮ್ಮದು ಮುಲುಂಡ್‌ನ ಹಳೇ ಕಟ್ಟಡ, ಮೂರನೇ ಮಾಳಿಗೆ. ಅತ್ತೆಯವರಿಗೆ ಮಂಚ ಹಾಕಲು ಜಾಗ ಇರಲಿಲ್ಲ. ಹಾಲ್‌ಗೂ ಬಾಲ್ಕನಿಗೂ ನಡುವಿನ ಗೋಡೆ ತೆಗೆದು ಒಂದು ಮಾಡೋಣ ಅಂತ ಏಪ್ರಿಲ್‌ನಲ್ಲಿ ಸೊಸೈಟಿಗೆ ಅರ್ಜಿ ಕೊಟ್ಟೆ. ಸೆಕ್ರೆಟರಿ ಉಡುಪಿ ಕಡೆಯವರು. "ಲೆಟರ್ ಎಲ್ಲ ಆಮೇಲೆ ಮಾಡುವ ಅಕ್ಕ, ಮಳೆಗಾಲ ಬರುವ ಮೊದಲು ಕೆಲಸ ಮುಗಿಸಿಬಿಡಿ. ನಾನಿದ್ದೇನಲ್ಲ" ಅಂದರು. ಡೆಪಾಸಿಟ್ ಅಂತ 40,000 ರೂಪಾಯಿ ನಗದು ಕೇಳಿದರು, ಕೆಲಸ ಮುಗಿದ ಮೇಲೆ ವಾಪಸ್ ಅಂದರು. ರಿಪೇರಿಗೆ ಡೆಪಾಸಿಟ್ ಕೇಳುವುದು ಇಲ್ಲಿ ಹೊಸದೇನಲ್ಲ, ಕೊಟ್ಟೆ. ರಸೀದಿಯನ್ನು ಮಡಚಿ ಕಪಾಟಿನಲ್ಲಿಟ್ಟೆ. ಓದಲಿಲ್ಲ. ಓದಬೇಕಿತ್ತು.

ಶುರು ಮಾಡುವ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ "ನಾಳೆ ಗೋಡೆ ತೆಗೆಯುತ್ತೇವೆ, ಆಗಬಹುದಲ್ಲ?" ಎಂದು ಕೇಳಿದೆ. ಹೆಬ್ಬೆರಳಿನ ಚಿತ್ರ ಬಂತು. ಅಷ್ಟು ಸಾಕೆನಿಸಿತು.

ಜುಲೈಯಲ್ಲಿ ಕೆಳಗಿನ ಮನೆಯವರು ಸೀಲಿಂಗ್‌ನಲ್ಲಿ ಬಿರುಕು, ನೀರಿಳಿಯುತ್ತಿದೆ ಎಂದು ದೂರು ಕೊಟ್ಟರು. ಆಗಸ್ಟ್‌ನಲ್ಲಿ ನಮ್ಮ ಬಾಗಿಲಿಗೆ ಪಾಲಿಕೆಯ ನೋಟಿಸ್ ಅಂಟಿತು. 1888ರ ಪಾಲಿಕೆ ಕಾಯ್ದೆಯ 351ನೇ ಕಲಮು, ಅನುಮತಿಯಿಲ್ಲದ ಕಾಮಗಾರಿ, ಏಳು ದಿನದಲ್ಲಿ ಉತ್ತರ ಕೊಡಿ. ಆ ಬಾಗಿಲ ಮುಂದೆಯೇ ಇಡೀ ಕಟ್ಟಡ ಹತ್ತಿಳಿಯುತ್ತದೆ. ಅತ್ತೆಯವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ, ನನ್ನಿಂದಾಯಿತು ಎಂದು ಕೊರಗಿದರು.

ಸೊಸೈಟಿಯ ಅನುಮತಿ ಪತ್ರವಾದರೂ ಇರಲಿ ಎಂದು ಸೆಕ್ರೆಟರಿಗೆ ಫೋನ್ ಮಾಡಿದೆ. "ಊರಿಗೆ ಹೋಗಿದ್ದೇನೆ ಅಕ್ಕ." ಮತ್ತೆ ಮಾಡಿದೆ. "ಚೇರ್ಮನ್ ಹತ್ತಿರ ಕೇಳಿ ಅಕ್ಕ." ಆಮೇಲೆ ಫೋನೇ ಎತ್ತಲಿಲ್ಲ.

ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಸಭೆ. ನಮ್ಮ ವಿಷಯ ಬಂತು. ನಾನು ಎದ್ದು ನಿಂತು, ಇವರೇ ಶುರು ಮಾಡಲು ಹೇಳಿದ್ದು ಅಂದೆ. ಐದು ತಿಂಗಳು ಅಕ್ಕ ಅಕ್ಕ ಅಂತ ಕನ್ನಡದಲ್ಲಿ ಮಾತಾಡಿದ ಮನುಷ್ಯ ನನ್ನ ಮುಖ ನೋಡದೆ ಹಿಂದಿಯಲ್ಲಿ ಕೇಳಿದರು: "ಮೇಡಂ, ಲೆಟರ್ ಕಹಾಂ ಹೈ?" ಲೆಟರ್ ಎಲ್ಲಿದೆ ಅಂತ.

ಮೇಡಂ! ಆ ಒಂದು ಶಬ್ದಕ್ಕೆ ನನಗೆ ಎಲ್ಲ ಅರ್ಥವಾಯಿತು. ಕೈ ನಡುಗುತ್ತಿತ್ತು. ಮೊಬೈಲ್ ತೆಗೆದು ಆ ಹೆಬ್ಬೆರಳು ತೋರಿಸಿದೆ. "ಮೈನೇ ಮೆಸೇಜ್ ದೇಖಾ, ಬಸ್. ಪರ್ಮಿಷನ್ ಥೋಡೀ ದಿಯಾ" ಅಂದರು. ಮೆಸೇಜ್ ನೋಡಿದೆ ಅಷ್ಟೇ, ಅನುಮತಿ ಎಲ್ಲಿ ಕೊಟ್ಟೆ ಅಂತ. ಡೆಪಾಸಿಟ್ ಯಾಕೆ ತಗೊಂಡಿರಿ ಅಂದೆ. "ರಸೀದ್ ಪಢಿಯೇ", ರಸೀದಿ ಓದಿ ಅಂದರು. ಮನೆಗೆ ಓಡಿ ಹೋಗಿ ರಸೀದಿ ತಂದು ಎಲ್ಲರ ಮುಂದೆ ಬಿಡಿಸಿದೆ. ಮರಾಠಿಯಲ್ಲಿ ಬರೆದಿತ್ತು: ಐಚ್ಛಿಕ ದೇಣಗೀ. ಅಂದರೆ ನಾನಾಗಿಯೇ ಇಷ್ಟಪಟ್ಟು ಕೊಟ್ಟ ದಾನ. ನಲವತ್ತು ಜನ ಕೂತಿದ್ದರು. ಒಬ್ಬರೂ ಒಂದು ಮಾತಾಡಲಿಲ್ಲ. ಈಗಲೂ ರಾತ್ರಿ ನಿದ್ದೆ ಬಾರದಿದ್ದರೆ ಅದೇ ಸಭೆ ಕಣ್ಣೆದುರು ಬರುತ್ತದೆ.

ಅದೇ ಸಭೆಯಲ್ಲಿ ನಮಗೆ 50,000 ರೂಪಾಯಿ ದಂಡ ಎಂದು ಬರೆದುಕೊಂಡರು. ಆಮೇಲೆ ದುಡ್ಡು ಕಟ್ಟಿ ಬೈಲಾ (ಸೊಸೈಟಿಯ ನಿಯಮಾವಳಿ) ಪ್ರತಿ ತೆಗೆಸಿ ಓದಿದೆ. ಸರ್ಕಾರದ ಮಾದರಿ ಬೈಲಾ ಪ್ರಕಾರ ಬೈಲಾ ಮುರಿದದ್ದಕ್ಕೆ ಒಂದು ಆರ್ಥಿಕ ವರ್ಷದಲ್ಲಿ 5,000 ರೂಪಾಯಿಗಿಂತ ಹೆಚ್ಚು ದಂಡ ಹಾಕುವ ಹಾಗಿಲ್ಲ, ಅದೂ ಮೊದಲು ಕಾರಣ ಕೇಳಿ ನೋಟಿಸ್ ಕೊಟ್ಟ ಮೇಲೆ. ನಮಗೆ ಅಂಥ ನೋಟಿಸೇ ಬಂದಿರಲಿಲ್ಲ. ಆದರೆ ಫ್ಲ್ಯಾಟಿನಲ್ಲಿ ಬದಲಾವಣೆ ಮಾಡುವ ಮೊದಲು ಕಮಿಟಿಯ ಲಿಖಿತ ಅನುಮತಿ ಬೇಕು ಎಂದೂ ಅದೇ ಬೈಲಾದಲ್ಲಿದೆ. ಆ ತಪ್ಪು ನನ್ನದು, ಒಪ್ಪುತ್ತೇನೆ. ಆ ಗೋಡೆಗೆ ಪಾಲಿಕೆಯ ಪರವಾನಗಿಯೂ ಬೇಕಿತ್ತು. ಟೈಲ್ಸ್, ಪ್ಲಾಸ್ಟರ್, ಬಣ್ಣಕ್ಕೆ ಬೇಡ, ಗೋಡೆಗೆ ಬೇಕು. ಕಂತ್ರಾಟುದಾರ ಹೇಳಲಿಲ್ಲ, ಸೆಕ್ರೆಟರಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗೋಡೆ ಮತ್ತೆ ಕಟ್ಟಿಸಿದೆವು. ಒಡೆಸಿದ್ದು, ಕಟ್ಟಿಸಿದ್ದು, ಕೆಳಗಿನವರ ಸೀಲಿಂಗ್ ಎಲ್ಲ ಸೇರಿ 1,80,000 ರೂಪಾಯಿ ಮಣ್ಣುಪಾಲು. ಅತ್ತೆಯವರ ಮಂಚ ಈಗ ನಮ್ಮ ಬೆಡ್‌ರೂಮಿನಲ್ಲಿದೆ, ನಾವು ಹಾಲ್‌ನಲ್ಲಿ ಮಲಗುತ್ತೇವೆ.

ಅರ್ಜಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೊಸೈಟಿಯ ಸಿಕ್ಕ (ಮೊಹರು), ತಾರೀಕು ಹಾಕಿಸಿಕೊಳ್ಳಿ. ಅನುಮತಿ ಲೆಟರ್‌ಹೆಡ್ ಮೇಲೆ ಬರಲಿ, ಕಮಿಟಿ ನಿರ್ಣಯದ ತಾರೀಕು ಅದರಲ್ಲಿರಲಿ. ದುಡ್ಡು ಚೆಕ್‌ನಲ್ಲೇ ಕೊಡಿ, ರಸೀದಿಯನ್ನು ಅಲ್ಲೇ ನಿಂತು ಓದಿ. ನಮ್ಮ ಊರಿನವರು, ನಮ್ಮ ಭಾಷೆಯವರು ಅಂತ ಒಂದು ಕಾಗದವನ್ನೂ ಬಿಡಬೇಡಿ. ನಾನು ಬಿಟ್ಟದ್ದು ಆ ಕಾರಣಕ್ಕೇ.

40,000 ಇನ್ನೂ ಬಂದಿಲ್ಲ. ನಮ್ಮ ಭಾಗದ ಟಿ ವಾರ್ಡ್‌ನ ಉಪ ನಿಬಂಧಕರಿಗೆ (ಸೊಸೈಟಿಗಳನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ದೂರು ಕೊಟ್ಟಿದ್ದೇನೆ, ದಂಡದ ಬಗ್ಗೆಯೂ ಬರೆದಿದ್ದೇನೆ. ಈ ಸಲ ಪ್ರತಿಯ ಮೇಲೆ ಸಿಕ್ಕ ಬಿದ್ದ ಮೇಲೆಯೇ ಕೌಂಟರ್ ಬಿಟ್ಟೆ. ಮೊನ್ನೆ ಲಿಫ್ಟ್‌ನಲ್ಲಿ ಸೆಕ್ರೆಟರಿ ಸಿಕ್ಕಿದರು. "ಅಕ್ಕ, ಊಟ ಆಯ್ತಾ?" ಅಂದರು. ನಾನು ಉತ್ತರ ಕೊಡದೆ ಒಂದನೇ ಮಾಳಿಗೆಯಲ್ಲೇ ಇಳಿದು ಮೆಟ್ಟಿಲು ಹತ್ತಿ ಬಂದೆ.