ಎನ್100 ಮದರ್‌ಬೋರ್ಡ್: ಮನೆಯ ಸಿನಿಮಾ ಭಂಡಾರಕ್ಕೆ ಸಾಕೇ?

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಟಿವಿಗೆ ಜೋಡಿಸಲು, ಮೀಡಿಯಾ ಸರ್ವರ್ (ಚಿತ್ರಗಳನ್ನು ಕೂಡಿಟ್ಟು ಮನೆಯ ಪರದೆಗಳಿಗೆ ಒದಗಿಸುವ ಯಂತ್ರ) ಆಗಿಯೂ ದುಡಿಯಬಲ್ಲ ಕಂಪ್ಯೂಟರಿಗಾಗಿ ಇಂಟೆಲ್ ಎನ್100 ಪ್ರೊಸೆಸರ್ ಇರುವ ಮದರ್‌ಬೋರ್ಡನ್ನು ಆರಿಸಿಕೊಂಡೆ. ನಾಲ್ಕು ಕೋರ್‌ಗಳ, 6 ವ್ಯಾಟ್ ಟಿಡಿಪಿಯ (ಅಂದರೆ ಹೊರಸೂಸುವ ಶಾಖದ ಅಂದಾಜು ಮಟ್ಟ) ಈ ಚಿಪ್ ಎಚ್‌ಇವಿಸಿ ಮತ್ತು ಎವಿ1 ಎಂಬ ಸಂಕುಚಿತ ರೂಪದ ವಿಡಿಯೊಗಳನ್ನು ಹಾರ್ಡ್‌ವೇರ್‌ನಲ್ಲಿಯೇ ಡಿಕೋಡ್ ಮಾಡುವುದರಿಂದ (ಬಿಚ್ಚಿ ತೋರಿಸುವುದರಿಂದ), ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ ತಂತ್ರಾಂಶದ ಮೂಲಕ 4ಕೆ ಚಿತ್ರ ನೋಡುವಾಗಲೂ ಪೆಟ್ಟಿಗೆ ಬಿಸಿಯಾಗಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಖರ್ಚೂ ಉಳಿಯಿತು. ಮೆಮೊರಿ ಒಂದೇ ಚಾನೆಲ್ಲಿನದಾದರೂ (ಪ್ರೊಸೆಸರಿಗೆ ದತ್ತಾಂಶ ಸಾಗಲು ಒಂದೇ ದಾರಿ) ಈ ಕೆಲಸಕ್ಕೆ 8 ಜಿಬಿ ಧಾರಾಳ.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಂಗಡಿಯವರು ಮೊದಲು ಕೊಟ್ಟದ್ದು ಎಸ್‌ಎಂಆರ್ ಮಾದರಿಯದು; ದತ್ತಾಂಶ ಬರೆಯುವ ಅದರ ಟ್ರ್ಯಾಕ್‌ಗಳು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಚಾಚಿಕೊಂಡಿರುವ ಕಾರಣ, ದೊಡ್ಡ ಫೈಲ್‌ಗಳನ್ನು ಅಳಿಸಿ ಮತ್ತೆ ಬರೆಯುವಾಗ ವೇಗ ಕುಸಿಯುತ್ತದೆ. ಡಿಸ್ಕಿನ ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯನ್ನು ತೋರಿಸಿ ವಿವರಿಸಿದ ಬಳಿಕ, ತುಸು ಗೊಣಗುತ್ತಲೇ, ಟ್ರ್ಯಾಕ್‌ಗಳು ಹಾಗೆ ಒಂದರ ಮೇಲೊಂದು ಚಾಚಿಕೊಳ್ಳದ ಸಿಎಂಆರ್ ಡಿಸ್ಕನ್ನು ಬದಲಾಯಿಸಿಕೊಟ್ಟರು. ಬೋರ್ಡಿನಲ್ಲಿ ಹಾರ್ಡ್ ಡಿಸ್ಕ್ ಜೋಡಿಸುವ ಎರಡೇ ಸಾಟಾ ಪೋರ್ಟ್‌ಗಳಿರುವುದು ನನಗೆ ಕಂಡ ನಿಜವಾದ ಕೊರತೆ.